ಸೋದರಮಾವನೊಂದಿಗೆ ಮದುವೆ: ಒಪ್ಪುವ ಮೊದಲು ಒಂದು ಪರೀಕ್ಷೆ

ಪ್ರಶ್ನೆ: ನನಗೆ 25 ವರ್ಷ. ಸೋದರಮಾವನಿಗೆ ಹುಟ್ಟಿನಿಂದಲೇ ಹಿಮೋಫಿಲಿಯಾ ‘ಎ’ ಎಂಬ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದೆ. ಅಜ್ಜಿಯ ತಮ್ಮನೊಬ್ಬ ಬಾಲ್ಯದಲ್ಲಿ ಹಲ್ಲು ಬಿದ್ದಾಗ ರಕ್ತ ನಿಲ್ಲದೆ ತೀರಿಕೊಂಡನಂತೆ. ಹೊರಗಿನ ಹುಡುಗಿ ಹೊಂದಿಕೊಳ್ಳುವುದಿಲ್ಲವೆಂದು ಅಜ್ಜಿ ಮಾವನಿಗೆ ನನ್ನನ್ನೇ ಕೇಳುತ್ತಿದ್ದಾರೆ. ‘ಇದು ಗಂಡುಮಕ್ಕಳಿಗಷ್ಟೇ ಬರುವ ಕಾಯಿಲೆ, ಹೆಣ್ಣಾದರೆ ಭಯವಿಲ್ಲ’ ಎನ್ನುತ್ತಾರೆ ಅಮ್ಮ. ನನ್ನ ಒಬ್ಬನೇ ಅಣ್ಣ ಆರೋಗ್ಯವಾಗಿದ್ದಾನೆ. ಮಾವನ ಮೇಲೆ ನನಗೆ ಅಕ್ಕರೆಯಿದೆ. ಅವರ ಮೊಣಕಾಲು ಊದಿಕೊಂಡ ರಾತ್ರಿಗಳಲ್ಲಿ ಮಂಜುಗಡ್ಡೆ ಒತ್ತುತ್ತಾ ಕುಳಿತಿದ್ದೇನೆ. ಆದರೂ ಒಪ್ಪಲು ಧೈರ್ಯ ಸಾಲುತ್ತಿಲ್ಲ. ನನಗೆ ಮುಟ್ಟು ಎಂಟೊಂಬತ್ತು ದಿನ ಇರುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಹಿಂಜರಿಕೆಗೆ ಗಟ್ಟಿಯಾದ ಕಾರಣವಿದೆ. ಅಮ್ಮನ ಮಾತು ಬಹುಪಾಲು ಮನೆಗಳ ಮಟ್ಟಿಗೆ ನಿಜವಿರಬಹುದು, ಈ ಮದುವೆಯ ಮಟ್ಟಿಗೆ ಮಾತ್ರ ಅದನ್ನು ನಂಬಿ ಮುಂದುವರಿಯುವಂತಿಲ್ಲ.

ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ತಾಯಿಯಿಂದ ಬಂದ ಒಂದೇ ಎಕ್ಸ್ ಇರುವುದರಿಂದ ಅದರಲ್ಲಿ ದೋಷವಿದ್ದರೆ ಕಾಯಿಲೆ ತಪ್ಪುವುದಿಲ್ಲ. ಹೆಂಗಸರಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಪಾಡುತ್ತದೆ, ಅಂಥವರು ಆ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲ ವಾಹಕರಾಗಿ ಉಳಿಯುತ್ತಾರೆ. ತಂದೆ ಮಗನಿಗೆ ಕೊಡುವುದು ವೈ ವರ್ಣತಂತು, ಮಗಳಿಗೆ ಕೊಡುವುದು ತನ್ನ ಒಂದೇ ಎಕ್ಸ್. ಹಾಗಾಗಿ ಮಾವನ ಗಂಡುಮಕ್ಕಳಿಗೆ ಅವರಿಂದ ಈ ದೋಷ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರಿಗೂ ಬಂದೇ ಬರುತ್ತದೆ.

ನೀವು ವಾಹಕರಲ್ಲದಿದ್ದರೆ ನಿಮ್ಮ ಗಂಡುಮಕ್ಕಳು ಆರೋಗ್ಯವಂತರು, ಹೆಣ್ಣುಮಕ್ಕಳೆಲ್ಲ ವಾಹಕರು. ನೀವೂ ವಾಹಕರಾಗಿದ್ದರೆ ಗಂಡಾಗಲಿ ಹೆಣ್ಣಾಗಲಿ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ಅರ್ಧಕ್ಕರ್ಧ. ಎರಡೂ ಕಡೆಯಿಂದ ದೋಷವಿರುವ ಎಕ್ಸ್ ಪಡೆದ ಮಗಳಿಗೆ ಮಾವನಂಥದೇ ಕಾಯಿಲೆ ಬರುತ್ತದೆ. ತಮ್ಮನನ್ನು ಕಳೆದುಕೊಂಡ, ಕಾಯಿಲೆಯ ಮಗನನ್ನು ಹೆತ್ತ ಅಜ್ಜಿಯನ್ನು ವಾಹಕರೆಂದೇ ಎಣಿಸಿದರೆ, ನಿಮ್ಮ ಅಮ್ಮ ವಾಹಕರಾಗಿರುವ ಸಾಧ್ಯತೆ ಎರಡರಲ್ಲಿ ಒಂದು. ಅಣ್ಣ ಆರೋಗ್ಯವಾಗಿರುವುದರಿಂದ ಅದು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ, ನಿಮ್ಮದು ಆರರಲ್ಲಿ ಒಂದು. ಒಬ್ಬ ಹೊರಗಿನ ಹುಡುಗಿಗೆ ಈ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಸೋದರಮಾವನ ಸಂಬಂಧದಲ್ಲಿ ಬೇರೆ ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದೂ ನಿಜ.

ನಿಮ್ಮ ಮುಟ್ಟಿನ ವಿಷಯವನ್ನು ಹಗುರವಾಗಿ ಕಾಣಬೇಡಿ. ಕೆಲವು ವಾಹಕರಲ್ಲಿ ಫ್ಯಾಕ್ಟರ್ ಮಟ್ಟ ಕಡಿಮೆಯಿದ್ದು ಮುಟ್ಟಿನ ರಕ್ತಸ್ರಾವ ಬಹಳ ದಿನ ಎಳೆಯುವುದುಂಟು, ಆದರೆ ಥೈರಾಯ್ಡ್ ಅಥವಾ ಗರ್ಭಾಶಯದ ತೊಂದರೆಯಿಂದಲೂ ಹಾಗಾಗಬಹುದು. ಮದುವೆಯ ಮಾತು ಏನೇ ಆಗಲಿ, ಹಲ್ಲು ಕೀಳಿಸುವ ಅಥವಾ ಹೆರಿಗೆಯ ಸಂದರ್ಭ ಬರುವ ಮುನ್ನ ನಿಮ್ಮ ಫ್ಯಾಕ್ಟರ್ ಮಟ್ಟ ತಿಳಿದಿರಲೇಬೇಕು. ಆ ಮಟ್ಟ ಸರಿಯಿದ್ದ ಮಾತ್ರಕ್ಕೆ ವಾಹಕರಲ್ಲವೆಂದು ಹೇಳಲಾಗದು. ಮೊದಲು ಮಾವನ ವಂಶವಾಹಿಯಲ್ಲಿ ಆಗಿರುವ ಬದಲಾವಣೆಯನ್ನು ಗುರುತಿಸಿ, ಬಳಿಕ ಅದೇ ಬದಲಾವಣೆಯನ್ನು ನಿಮ್ಮ ರಕ್ತದಲ್ಲಿ ಹುಡುಕಬೇಕು. ದಾವಣಗೆರೆಯಲ್ಲಿರುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಲ್ಲಿ ಅಥವಾ ಮಾವನಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಲ್ಲಿ ಇದಕ್ಕೆ ದಾರಿ ಕೇಳಿ.

ಪರೀಕ್ಷೆಯಲ್ಲಿ ದೋಷವಿಲ್ಲವೆಂದು ಬಂದರೂ ನೀವು ಒಪ್ಪಲೇಬೇಕೆಂದಿಲ್ಲ. ತಾನು ಹೋದ ಮೇಲೆ ಮಗನಿಗೆ ಯಾರು ಎಂಬ ಅಜ್ಜಿಯ ಚಿಂತೆ ನನ್ನ ಮನಸ್ಸನ್ನೂ ಕಲಕುತ್ತದೆ, ಆದರೆ ಅವರು ಹುಡುಕುತ್ತಿರುವುದು ಮಗನನ್ನು ನೋಡಿಕೊಳ್ಳುವವರನ್ನು. ಹೆಂಡತಿಯಾಗುವುದು ಬೇರೆಯೇ ಸಂಬಂಧ. ಫ್ರಿಜ್ಜಿನಲ್ಲಿಟ್ಟ ಫ್ಯಾಕ್ಟರ್ ಔಷಧಿಯ ಸೀಸೆಯನ್ನು ತೆಗೆದು ತಾವೇ ಚುಚ್ಚಿಕೊಳ್ಳಲು ಕಲಿತು, ಕೆಲಸ ಸಂಸಾರ ಎರಡನ್ನೂ ನಡೆಸುತ್ತಿರುವ ಗಂಡಸರಿದ್ದಾರೆ. ಇಷ್ಟೆಲ್ಲ ಮಾತುಕತೆಯಲ್ಲಿ ಮಾವನ ಅಭಿಪ್ರಾಯ ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಹಿರಿಯರು ಮುಂದಿಲ್ಲದಾಗ ಅವರನ್ನು ನೇರವಾಗಿ ಕೇಳಿ. ತನ್ನನ್ನು ಎತ್ತಿ ಆಡಿಸಿದ ಅಕ್ಕನ ಮಗಳನ್ನು ಮದುವೆಯಾಗಲು ಅವರಿಗೂ ಮನಸ್ಸಿಲ್ಲದಿರಬಹುದು.

ಪರೀಕ್ಷೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರಲ್ಲಿ ಆ ಬದಲಾವಣೆ ಇಲ್ಲವೆಂದು ಖಚಿತವಾದರೆ ಅದು ಅವರಿಂದ ನಿಮಗೆ ಬಂದಿರಲಾರದು.