ಸಲಹಾ ಪೆಟ್ಟಿಗೆಗೆ ಯಾರೂ ಚೀಟಿ ಹಾಕುತ್ತಿಲ್ಲ, ಏನು ಮಾಡಲಿ?

ಪೀಣ್ಯದಲ್ಲಿ 40 ಜನರ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷಿನ್‌ಗಳಲ್ಲಿ ಲೋಹದ ಬಿಡಿಭಾಗ ಕೊರೆಯುವ) ಶಾಪ್, ಆರು ತಿಂಗಳಲ್ಲಿ ಬಿದ್ದದ್ದು ಎರಡೇ ಚೀಟಿ, ಅದರಲ್ಲೊಂದು ಕ್ಯಾಂಟೀನ್ ಸಾಂಬಾರಿನ ಬಗ್ಗೆ ಎಂದಿದ್ದೀರಿ. ಮೊದಲು ಸಾಂಬಾರು ಸರಿಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ, ಬಾಯಿಬಿಟ್ಟರೆ ಕೆಲಸ ಆಗುತ್ತದೋ ಇಲ್ಲವೋ ಎಂದು ಜನ ಪರೀಕ್ಷೆ ಮಾಡುವುದು ಇಂಥದ್ದರಲ್ಲೇ.

ಆಮೇಲೆ ಪೆಟ್ಟಿಗೆ ತೆಗೆದು ಬೋರ್ಡ್ ಹಾಕಿ. ಬೀಗದೊಳಗೆ ಹೋದ ಚೀಟಿಯ ಗತಿ ಬರೆದವನಿಗೇ ಗೊತ್ತಾಗುವುದಿಲ್ಲ. ಬೋರ್ಡಿನಲ್ಲಿ ಯಾರು ಹೇಳಿದ್ದು, ಏನು, ಯಾರ ಜವಾಬ್ದಾರಿ, ಯಾವತ್ತಿನೊಳಗೆ ಎಂಬ ನಾಲ್ಕು ಕಾಲಂ ಸಾಕು. ಮೂರು ದಿನದಲ್ಲಿ ಉತ್ತರ ಬರಬೇಕು; ಆಗಲ್ಲ ಎಂದಾದರೆ ಕಾರಣ ಬರೆಯಿರಿ. 2,000 ರೂಪಾಯಿವರೆಗಿನ ಖರ್ಚಿಗೆ ಸೂಪರ್‌ವೈಸರ್ ಸಹಿ ನಡೆಯಲಿ. ಒಂದು ಅಲೆನ್ ಕೀ ಸೆಟ್‌ಗೆ ಮಾಲೀಕರ ತನಕ ಹೋಗಬೇಕಾದರೆ ಎರಡನೇ ಸಲ ಯಾರೂ ಕೇಳಲ್ಲ.

‘ಐಡಿಯಾ ಕೊಡಿ’ ಎಂದರೆ ಯಾರಿಗೂ ಏನೂ ಹೊಳೆಯಲ್ಲ. ಒಂದು ಮಷಿನ್, ಒಂದು ತೊಂದರೆ ಹಿಡಿಯಿರಿ. ನಾನಾದರೆ ಸೆಟ್ಟಿಂಗ್ ಟೈಮ್, ಅಂದರೆ ಒಂದು ಜಾಬ್ ಮುಗಿಸಿ ಇನ್ನೊಂದಕ್ಕೆ ಮಷಿನ್ ಸಜ್ಜು ಮಾಡುವ ಸಮಯ, ಹಿಡಿಯುತ್ತೇನೆ. ಹಳೇ ಜಾಬ್‌ನ ಕೊನೇ ಓಕೆ ಪೀಸ್‌ನಿಂದ ಹೊಸ ಜಾಬ್‌ನ ಮೊದಲ ಓಕೆ ಪೀಸ್‌ವರೆಗೆ, ಆಪರೇಟರ್‌ನನ್ನು ಕೇಳಿಯೇ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಅವನ ಜೊತೆ ಕೂತು ನೋಡಿ. ಸಾಫ್ಟ್ ಜಾ (ಪೀಸ್ ಹಿಡಿಯುವ ದವಡೆ) ಹುಡುಕಾಟ, ಇನ್ಸರ್ಟ್‌ಗಾಗಿ (ಟೂಲ್‌ಗೆ ಹಾಕುವ ಕತ್ತರಿಸುವ ತುಣುಕು) ಸ್ಟೋರ್‌ಗೆ ಓಡಾಟ, ಮೊದಲ ಪೀಸ್ ಹಿಡಿದು ಇನ್‌ಸ್ಪೆಕ್ಷನ್ ಮುಂದೆ ನಿಲ್ಲುವುದು ಕಣ್ಣಿಗೆ ಹೊಡೆಯುತ್ತವೆ. ಮೊದಲೆರಡನ್ನು ಹಳೇ ಜಾಬ್ ಓಡುತ್ತಿರುವಾಗಲೇ ಟ್ರಾಲಿಯಲ್ಲಿ ಜೋಡಿಸಿಡಬಹುದು. ಮೂರನೆಯದಕ್ಕೆ ಸೆಟ್ಟಿಂಗ್ ಪೀಸ್‌ಗೇ ಮೊದಲ ಸರದಿ ಎಂಬ ನಿಯಮ ಸಾಕು. 50 ನಿಮಿಷ 30ಕ್ಕಿಳಿದರೆ, ದಿನಕ್ಕೆರಡು ಸೆಟ್ಟಿಂಗ್‌ನಂತೆ 26 ದಿನಕ್ಕೆ, ಒಂದೇ ಮಷಿನ್‌ನಲ್ಲಿ 17 ಗಂಟೆ ಉಳಿಯಿತು.

ಎಡವುವುದು ಇಲ್ಲೇ. ಉಳಿದ 17 ಗಂಟೆ ಕಂಡ ಕೂಡಲೇ ಟಾರ್ಗೆಟ್ ಏರಿಸಿದರೆ, ಸಲಹೆ ಕೊಟ್ಟವನಿಗೆ ಅಕ್ಕಪಕ್ಕದವರ ಬೈಗುಳ ಖಾಯಂ. ಆಮೇಲೆ ಬೋರ್ಡ್ ಖಾಲಿ. ಇನ್ಸೆಂಟಿವ್ ಲೆಕ್ಕ ಆರು ತಿಂಗಳು ಮುಟ್ಟಲ್ಲ ಎಂದು ಅದೇ ಬೋರ್ಡಿನಲ್ಲಿ ಬರೆದು ಸಹಿ ಹಾಕಿ. ದೊಡ್ಡ ನಗದು ಬಹುಮಾನ ಬೇಡ, ‘ಅದು ನನ್ನ ಐಡಿಯಾ’ ಎಂಬ ಜಗಳ ಹತ್ತುತ್ತದೆ. ಕಾಂಟ್ರಾಕ್ಟ್ ಹೆಲ್ಪರ್‌ಗಳನ್ನು ಬಿಡಬೇಡಿ. ಚಿಪ್ (ಲೋಹದ ಸಿಪ್ಪೆ) ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕೂಲೆಂಟ್ (ಟೂಲ್ ತಂಪಾಗಿಡುವ ದ್ರವ) ಎಲ್ಲಿ ಸೋರುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಸಂಬಳ, ರಜೆ, ಓಟಿ ದೂರುಗಳನ್ನು ಇದಕ್ಕೆ ಬೆರೆಸಬೇಡಿ. 20 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕುಂದುಕೊರತೆ ಸಮಿತಿ ಇರಬೇಕೆಂದು ಕಾನೂನೇ ಇದೆ, ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಸಂಖ್ಯೆಯಲ್ಲಿ. ನಿಮ್ಮಲ್ಲಿ ಇಲ್ಲದಿದ್ದರೆ ಮೊದಲು ಮಾಡಿ.

ಸಲಹೆಗಳ ಬಗ್ಗೆ ಬೋರ್ಡ್ ಮುಂದೆ ನಿಂತು ಎಲ್ಲರೊಡನೆ ಆಡುವ 10 ನಿಮಿಷದ ಮಾತು ಶಿಫ್ಟ್ ಅವಧಿಯೊಳಗೇ ಇರಲಿ. ಶಿಫ್ಟ್ ಮುಗಿಸಿ ಪಂಚ್ ಮಾಡಿದ ಮೇಲೆ ನಿಲ್ಲಿಸಿಕೊಂಡರೆ ಎಲ್ಲರ ಕಣ್ಣು ಬಸ್ ಮೇಲೆ.