ಬರ್ಬ್ಯಾಂಕಿನಲ್ಲಿ ಕಟ್ಟಿದ ನ್ಯೂಯಾರ್ಕ್

ಒಹಾಯೊಗೆ ಬಂದು ಮೂರು ವಾರವಾಯಿತು, ಸೀರಿಯಲ್ಲಿನಲ್ಲಿ ಕಂಡು ಮೆಚ್ಚಿದ್ದ ಅಮೆರಿಕವೂ ಇಲ್ಲಿಲ್ಲ, ವಾರ್ತೆಯಲ್ಲಿ ಕಂಡು ಹೆದರಿದ್ದ ಅಮೆರಿಕವೂ ಇಲ್ಲಿಲ್ಲ, ಯಾವುದು ನಿಜ ಎಂದು ಕೇಳಿದ್ದೀಯ. ಮೊದಲಿಗೆ, ‘ಮೇಡಂ’ ಬೇಡ, ಅಕ್ಕ ಎಂದರೆ ಸಾಕು.

2003ರಲ್ಲಿ ಇದೇ ಒಹಾಯೊದ ಕೊಲಂಬಸ್ ನಗರಕ್ಕೆ ಬಂದಿಳಿದಾಗ ನನ್ನ ತಲೆಯಲ್ಲೂ ‘ಫ್ರೆಂಡ್ಸ್’ ಎಂಬ ಅಮೆರಿಕನ್ ಸೀರಿಯಲ್ಲು ತುಂಬಿತ್ತು. ಕೆಲಸಕ್ಕೆ ಯಾವಾಗ ಹೋಗುತ್ತಾರೋ ತಿಳಿಯದ ಆರು ಜನ, ನ್ಯೂಯಾರ್ಕಿನಲ್ಲಿ ಅಷ್ಟು ದೊಡ್ಡ ಮನೆ, ಕದ ತಟ್ಟದೆ ಒಳಬರುವ ಎದುರು ಮನೆಯವರು. ಆ ನ್ಯೂಯಾರ್ಕ್ ನಿಂತಿದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ ಸ್ಟುಡಿಯೊದೊಳಗೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾನಿದ್ದ ಬಡಾವಣೆಯಲ್ಲಿ ರಸ್ತೆಯಲ್ಲಿ ನಡೆದುಹೋಗುವ ನರಪಿಳ್ಳೆಯೂ ಇರಲಿಲ್ಲ. ಹಳದಿ ಶಾಲಾ ಬಸ್ಸು ಮಾತ್ರ ನಿಜವಾಗಿಯೂ ಬಂತು! ಅದು ಸಿನಿಮಾದವರ ಅಲಂಕಾರ ಎಂದುಕೊಂಡಿದ್ದೆ. ಆ ಬಣ್ಣ ಗೊತ್ತುಮಾಡಿದ್ದೇ 1939ರಲ್ಲಂತೆ.

‘ಅಮೆರಿಕದಲ್ಲಿ ಹದಿನೆಂಟು ತುಂಬಿದರೆ ಮಕ್ಕಳನ್ನು ಮನೆಯಿಂದ ಹೊರಹಾಕುತ್ತಾರೆ’ ಎಂಬ ಮಾತು ನಮ್ಮ ಮದುವೆ ಪಂಕ್ತಿಗಳಲ್ಲಿ ಹೋಳಿಗೆಯಷ್ಟೇ ಖಾಯಂ. ಕೋವಿಡ್ ಕಾಲದಲ್ಲಿ, 2020ರ ಜುಲೈಯಲ್ಲಿ, ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 18ರಿಂದ 29ರ ವಯಸ್ಸಿನವರಲ್ಲಿ ಶೇ 52ರಷ್ಟು ಮಂದಿ ಅಪ್ಪ ಅಮ್ಮನ ಜೊತೆಗೇ ಇದ್ದರು.

ಬಂದೂಕಿನ ವಿಷಯದಲ್ಲಿ ವಾರ್ತೆ ಉತ್ಪ್ರೇಕ್ಷೆ ಎನ್ನಲಾರೆ. ವರ್ಷಕ್ಕೆ 40,000ಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾಗುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಅದು ನಮ್ಮೂರಿನ ಟಿವಿಗೆ ಸುದ್ದಿಯಲ್ಲ. ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ, ‘ಇವತ್ತು ಶಾಲೆಯಲ್ಲಿ ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಮೂಲೆಯಲ್ಲಿ ಸದ್ದು ಮಾಡದೆ ಕೂರುವ ಅಭ್ಯಾಸ ಮಾಡಿದೆವು’ ಎಂದು ಹೇಳಿ, ಇನ್ನೊಂದು ಸೌಟು ಸಾರು ಹಾಕು ಎಂದಳು. ನನಗೆ ಅನ್ನ ಇಳಿಯಲಿಲ್ಲ.

‘ಹೌ ಆರ್ ಯು’ ಎಂದು ಕೇಳಿ ಉತ್ತರಕ್ಕೂ ನಿಲ್ಲದೆ ಹೋಗುವವರು ಕಪಟಿಗಳೇ ಎಂದು ಬರೆದಿದ್ದೀಯ. ನಮ್ಮಲ್ಲಿ ‘ಊಟ ಆಯಿತೆ’ ಎಂದವರೆಲ್ಲ ಎಲೆ ಹಾಕುತ್ತಾರೆಯೆ? ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಲಾರಿ ಚಾಲಕರೊಬ್ಬರಿದ್ದಾರೆ. ನಮ್ಮ ಯಜಮಾನರಿಗೆ ಶಸ್ತ್ರಚಿಕಿತ್ಸೆಯಾದ ಚಳಿಗಾಲದಲ್ಲಿ, ನಾವು ಏಳುವುದರೊಳಗೆ ಮನೆ ಮುಂದಿನ ಹಿಮವನ್ನೆಲ್ಲ ತಮ್ಮ ಯಂತ್ರದಿಂದ ಸರಿಸಿ ಹೋಗಿರುತ್ತಿದ್ದರು. ನಾವು ಕೇಳಿಕೊಂಡಿರಲಿಲ್ಲ. ಹನ್ನೊಂದು ವರ್ಷದ ನೆರೆ. ಇಂದಿಗೂ ನಾನು ಅವರ ಹೊಸಿಲು ದಾಟಿಲ್ಲ, ಅವರು ಕರೆದೂ ಇಲ್ಲ. ದೀಪಾವಳಿಯ ಚಕ್ಕುಲಿ ಡಬ್ಬಿಯನ್ನೂ ಬಾಗಿಲಲ್ಲೇ ಈಸಿಕೊಳ್ಳುತ್ತಾರೆ. ಇದನ್ನು ಏನೆಂದು ಕರೆಯಬೇಕೋ ನನಗಿನ್ನೂ ಬಗೆಹರಿದಿಲ್ಲ.

ಇನ್ನು, ಹಾಲಿವುಡ್ಡನ್ನು ಬಯ್ಯುವ ಮೊದಲು ನಮ್ಮ ಪಾಲನ್ನೂ ಒಪ್ಪಿಕೊಳ್ಳಬೇಕು. ಮೊದಲ ವರ್ಷ ನಾನು ಊರಿಗೆ ಕಳಿಸಿದ ಫೋಟೊಗಳಲ್ಲಿ ನಯಾಗರ ಜಲಪಾತವಿತ್ತು, ಕೆಂಪು ಕಾರಿಗೆ ಒರಗಿ ನಿಂತ ನಾನಿದ್ದೆ. ಕೊಳೆಬಟ್ಟೆಯ ಚೀಲ ಹೊತ್ತುಕೊಂಡು ಹೋಗಿ, ಕ್ವಾರ್ಟರ್ ಎಂಬ ಕಾಲು ಡಾಲರಿನ ನಾಣ್ಯಗಳನ್ನು ಎಣಿಸುತ್ತ ಒಗೆಯುವ ಯಂತ್ರದ ಮುಂದೆ ಕುಳಿತ ಭಾನುವಾರಗಳು ಇರಲಿಲ್ಲ. ಆಸ್ಪತ್ರೆಯ ಬಿಲ್ಲು ಹಿಡಿದು, ವಿಮೆಯವರಿಗೆ ಫೋನ್ ಮಾಡಿ, ಮುಕ್ಕಾಲು ಗಂಟೆ ಅವರ ಸಂಗೀತ ಕೇಳಿದ್ದೂ ಇರಲಿಲ್ಲ. ಕಾರಿನ ಫೋಟೊ ಹಾಸನದ ನಮ್ಮ ಮನೆಯ ಶೋಕೇಸಿನಲ್ಲಿ ಇಂದಿಗೂ ಇದೆ. ಅದನ್ನು ನೋಡುತ್ತ ಬೆಳೆದ ಸೋದರತ್ತೆಯ ಮೊಮ್ಮಗ ಈಗ ತಾನೂ ಇಲ್ಲಿಗೇ ಬರಬೇಕೆಂದು ಹಟ ಹಿಡಿದಿದ್ದಾನಂತೆ. ಕಾರು ನನ್ನ ಗೆಳತಿಯದೆಂದು ಅವನಿಗೆ ಯಾರೂ ಹೇಳಿಲ್ಲ.