ವಿಶ್ವರೂಪದಲ್ಲಿ ಮೂರು ಗುಂಗುರು ತಲೆಗಳು

ಪ್ರಶ್ನೆ: ನನ್ನ ಮಗ ಯಾವುದೋ ಹಳೆಯ ಇಂಗ್ಲಿಷ್ ರೆಕಾರ್ಡಿನ ಕವರಿಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾನೆ. ಚಿತ್ರ ನಮ್ಮ ವಿಷ್ಣುವಿನ ವಿಶ್ವರೂಪದ್ದೇ. ಆದರೆ ದೇವರ ಮುಖ ಇರಬೇಕಾದಲ್ಲಿ ಗುಂಗುರು ಕೂದಲಿನ ಮೂವರಿದ್ದಾರೆ. ಅದನ್ನು ಇಳಿಸುವವರೆಗೆ ಹಾಲ್‌ಗೆ ಕಾಲಿಡುವುದಿಲ್ಲ ಎಂದು ಅತ್ತೆಯವರು ಹಟ ಹಿಡಿದಿದ್ದಾರೆ. ‘ಅದರಲ್ಲಿ ಗೂಢಾರ್ಥವಿದೆ’ ಎನ್ನುತ್ತಾನೆ ಮಗ. ಏನದು?
– ಗೃಹಿಣಿ, ಡೊಂಬಿವಲಿ

ಉತ್ತರ: ಅದು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತಂಡದ ‘ಆ್ಯಕ್ಸಿಸ್: ಬೋಲ್ಡ್ ಆ್ಯಸ್ ಲವ್’, 1967ರ ಆಲ್ಬಂ. ನಿಮ್ಮ ಮಗನಿಗೆ ನಿರಾಸೆಯಾಗಬಹುದು, ಅಲ್ಲಿ ಗೂಢಾರ್ಥಕ್ಕಿಂತ ಗೊಂದಲವೇ ಹೆಚ್ಚು. ಅಂಗಡಿಗಳಲ್ಲಿ ಸಿಗುತ್ತಿದ್ದ ವಿಶ್ವರೂಪದ ಬಣ್ಣದ ಪಟವೊಂದನ್ನು ಇಟ್ಟುಕೊಂಡು, ಅದರ ನಡುವೆ ತಂಡದ ಮೂವರ ಮುಖಗಳನ್ನು ಬರೆಯಲಾಗಿದೆ. ಹೆಂಡ್ರಿಕ್ಸ್‌ಗೆ ಈ ಕವರ್ ಹಿಡಿಸಲಿಲ್ಲ. ಅವರು ತಮ್ಮ ವಂಶದಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತವಿದೆ ಎಂದುಕೊಂಡಿದ್ದವರು. ಆ ಹಿನ್ನೆಲೆ ಕವರಿನಲ್ಲಿ ಕಂಡಿದ್ದರೆ ಹೊಂದುತ್ತಿತ್ತು ಎಂಬುದು ಅವರ ಅಭಿಪ್ರಾಯವಾಗಿತ್ತು. ಇಂಗ್ಲಿಷಿನಲ್ಲಿ ಆ ಮೂಲನಿವಾಸಿಗಳೂ ‘ಇಂಡಿಯನ್’, ನಾವೂ ‘ಇಂಡಿಯನ್’!

ಕವರಿನ ಅರ್ಥ ಕೇಳುವ ಮೊದಲು ನಾನು ಚಿತ್ರದ ಊರು ಕೇಳುತ್ತೇನೆ. ಈ ಪಟದ ಮನೆತನ ನಿಮಗೆ ದೂರದ್ದಲ್ಲ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯ ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಗುಡಿಯಲ್ಲಿದ್ದ ದೇವರನ್ನು ಅಗ್ಗದ ಕಾಗದದ ಮೇಲೆ ಮನೆಮನೆಯ ಗೋಡೆಗೆ ತಂದವರಲ್ಲಿ ಅವರು ಮುಖ್ಯರು. ಹೆಂಡ್ರಿಕ್ಸ್ ಕವರಿನ ಪಟ ಅಲ್ಲಿಯದೇ ಎಂದು ನಾನು ಹೇಳುತ್ತಿಲ್ಲ, ಅದೇ ಬಗೆಯದು. ನಿಮ್ಮ ಅತ್ತೆಯವರ ದೇವರಮನೆಯಲ್ಲೂ ಅದರ ದಾಯಾದಿ ಒಂದಾದರೂ ಇದ್ದೀತು.

ಹಾಗೆಂದು ಅವರ ಸಿಟ್ಟನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ. 1997ರಲ್ಲಿ ಅಮೆರಿಕದ ಏರೋಸ್ಮಿತ್ ರಾಕ್ ತಂಡ ‘ನೈನ್ ಲೈವ್ಸ್’ ಆಲ್ಬಮ್ಮಿಗೆ ಸರ್ಪದ ಮೇಲೆ ಕುಣಿಯುವ ಕೃಷ್ಣನಿಗೆ ಬೆಕ್ಕಿನ ತಲೆ ಇಟ್ಟಾಗ ಹಿಂದೂಗಳು ಪ್ರತಿಭಟಿಸಿದರು. ಕಂಪನಿ ಕವರನ್ನೇ ಬದಲಾಯಿಸಿತು. ಹಾಲ್ ಎಲ್ಲರದು, ಕೋಣೆ ಮಗನದು. ಪಟವನ್ನು ಅಲ್ಲಿಗೆ ಸಾಗಿಸಿ.

ಪ್ರಶ್ನೆ: ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಒಂದು ಕಪ್ಪು ಟೀ ಶರ್ಟ್ ಕೊಂಡೆ. ಎದೆಯ ಮೇಲೆ ಬಿಳಿ ಗೆರೆಗಳ ಬೆಟ್ಟಸಾಲು. ರೂಮಿನಲ್ಲಿ ಒಬ್ಬ ಅದು ಸಹ್ಯಾದ್ರಿ ಎನ್ನುತ್ತಾನೆ, ಇನ್ನೊಬ್ಬ ಸಾಯುತ್ತಿರುವವನ ಇಸಿಜಿ ಎನ್ನುತ್ತಾನೆ. ಯಾವುದು ಸರಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಕೋಥ್ರೂಡ್

ಉತ್ತರ: ಇಬ್ಬರೂ ಸೋತರು, ಆದರೆ ಮರ್ಯಾದೆಯಿಂದ. ಅದು ಇಂಗ್ಲೆಂಡಿನ ಜಾಯ್ ಡಿವಿಷನ್ ರಾಕ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ (1979) ಕವರ್. ಗೆರೆಗಳು ಒಂದು ನಕ್ಷತ್ರದ ಮಿಡಿತ. ವೇಗವಾಗಿ ತಿರುಗುತ್ತ ಹೀಗೆ ಮಿಡಿಯುವ ನಕ್ಷತ್ರಕ್ಕೆ ಪಲ್ಸಾರ್ ಎನ್ನುತ್ತಾರೆ. ಖಗೋಳವಿಜ್ಞಾನಿ ಜೋಸೆಲಿನ್ ಬೆಲ್ 1967ರಲ್ಲಿ ಪತ್ತೆಹಚ್ಚಿದ ಮೊದಲ ಪಲ್ಸಾರ್ ಸುಮಾರು 1.34 ಸೆಕೆಂಡಿಗೊಮ್ಮೆ ರೇಡಿಯೊ ಅಲೆಯನ್ನು ನಮ್ಮತ್ತ ಬೀಸುತ್ತದೆ. ಒಂದರ ಹಿಂದೆ ಒಂದು ಬಂದ ಮಿಡಿತಗಳನ್ನು ಕೆಳಗಿನಿಂದ ಮೇಲಕ್ಕೆ ಪೇರಿಸಿದ ನಕ್ಷೆ ಅದು, ಒಂದು ಗೆರೆಗೆ ಒಂದು ಮಿಡಿತ. ಹೆರಾಲ್ಡ್ ಕ್ರಾಫ್ಟ್ ಎಂಬ ಸಂಶೋಧಕರು ತಮ್ಮ ಪಿಎಚ್‌ಡಿ ಪ್ರಬಂಧಕ್ಕೆಂದು ಇದನ್ನು ಕಂಪ್ಯೂಟರಿನಲ್ಲಿ ಬರೆಸಿದರು. ಮುಂದಿನ ಏರು ಹಿಂದಿನ ಗೆರೆಯನ್ನು ಮರೆಮಾಡುವಂತೆ ಮಾಡಿದವರೂ ಅವರೇ, ಆದ್ದರಿಂದ ಸಹ್ಯಾದ್ರಿಯವನಿಗೆ ಅರ್ಧ ಅಂಕ. ವಿಶ್ವಕೋಶವೊಂದರಲ್ಲಿ ಬಿಳಿಯ ಮೇಲೆ ಕಪ್ಪಾಗಿದ್ದ ನಕ್ಷೆಯನ್ನು ವಿನ್ಯಾಸಕ ಪೀಟರ್ ಸ್ಯಾವಿಲ್ ಕಪ್ಪಿನ ಮೇಲೆ ಬಿಳಿಯಾಗಿಸಿದರು. ತಂಡದ ಹೆಸರನ್ನೂ ಮುಂದೆ ಹಾಕಲಿಲ್ಲ. ಸಾವಿನ ಕಥೆ ಬಂದದ್ದು ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ತೀರಿಕೊಂಡ ಮೇಲೆ. ಕವರ್ ಅದಕ್ಕಿಂತ ಮೊದಲಿನದು.

ಪಲ್ಸಾರ್‌ಗಳನ್ನು ಇಂದಿಗೂ ಆಲಿಸುತ್ತಿರುವ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ನಿಮ್ಮ ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿದೆ, ತಲಾ 45 ಮೀಟರ್ ಅಗಲದ 30 ತಟ್ಟೆಗಳು. ವಿಜ್ಞಾನ ದಿನವಾದ ಫೆಬ್ರುವರಿ 28ರ ಸುಮಾರಿಗೆ ಅಲ್ಲಿ ಸಾರ್ವಜನಿಕರಿಗೆ ಪ್ರದರ್ಶನ ಇರುತ್ತದೆ. ಆ ಟೀ ಶರ್ಟ್ ತೊಟ್ಟು, ಇಬ್ಬರು ಗೆಳೆಯರನ್ನೂ ಕರೆದುಕೊಂಡು ಹೋಗಿ. ಅಲ್ಲಿಯವರಿಗೆ ಅರ್ಥ ಹೇಳಬೇಕಾಗಿ ಬರಲಾರದು.